ಆರೋಗ್ಯ ವಿಮೆ: ವಿವರ ಸಲ್ಲಿಸುವ ಹೊಣೆಗಾರಿಕೆ ಮತ್ತು ನಾಗರಿಕರ ಹಕ್ಕುಗಳು

(ಕಲಬುರಗಿ ನಗರ, ಸೇಡಂ ರಸ್ತೆ ಹಾಗೂ ಕಮಲಾಪುರ ಭಾಗದ ಕಾರ್ಮಿಕರು, ವಿಮಾದಾರರು ಮತ್ತು ಅವರ ಕುಟುಂಬದವರ ಮಾಹಿತಿಗಾಗಿ)

1. ಪೀಠಿಕೆ

ಕಲಬುರಗಿ ನಗರದ ಸೇಡಂ ರಸ್ತೆಯು ಜಿಲ್ಲೆಯ ಜನರು ಚಿಕಿತ್ಸೆಗಾಗಿ ಹೆಚ್ಚಾಗಿ ಬರುವ ಮಾರ್ಗವಾಗಿದೆ. ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್) ಹಾಗೂ ನೌಕರರ ರಾಜ್ಯ ವಿಮಾ ನಿಗಮದ (ಇ.ಎಸ್.ಐ. ನಿಗಮ) ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೇ ರಸ್ತೆಯಲ್ಲಿವೆ. ಸೇಡಂ, ಮಳಖೇಡ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳ ಕಾರ್ಮಿಕರು, ನಗರದ ತೊಗರಿ ಬೇಳೆ ಗಿರಣಿಗಳ ಹಮಾಲರು, ಅಂಗಡಿ ಹಾಗೂ ಹೋಟೆಲುಗಳ ನೌಕರರು, ಕಮಲಾಪುರ ತಾಲ್ಲೂಕಿನ ರೈತ ಕುಟುಂಬಗಳು ಹೀಗೆ ಎಲ್ಲ ವರ್ಗದವರೂ ಈ ಆಸ್ಪತ್ರೆಗಳನ್ನು ಅವಲಂಬಿಸಿದ್ದಾರೆ.

ಆಸ್ಪತ್ರೆಯ ಬಾಗಿಲಿಗೆ ಬಂದ ರೋಗಿಗೆ ಯಾವ ಸೌಲಭ್ಯ ದೊರೆಯುವುದು ಎಂಬುದು ಆತನ ಕಾಯಿಲೆಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಆತನ ಹೆಸರಿನಲ್ಲಿ ಯಾರು, ಯಾವಾಗ, ಎಷ್ಟು ದಿನಗಳ ವಿವರವನ್ನು ಯಾವ ಪ್ರಾಧಿಕಾರಕ್ಕೆ ಸಲ್ಲಿಸಿದ್ದಾರೆ ಎಂಬುದನ್ನೂ ಅದು ಅವಲಂಬಿಸಿರುತ್ತದೆ. ದುಡಿದ ದಿನಗಳು ದಾಖಲೆಯಲ್ಲಿ ಕಾಣದಿದ್ದರೆ ದುಡಿಮೆಗೆ ತಕ್ಕ ಹಕ್ಕೂ ಕಾಣದು. ಆದುದರಿಂದ ಈ ವಿವರಗಳನ್ನು ಸಲ್ಲಿಸುವ ಹೊಣೆ ಯಾರ ಮೇಲಿದೆ, ಲೋಪವಾದಲ್ಲಿ ನಾಗರಿಕರು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಆರೋಗ್ಯ ರಕ್ಷಣೆಯ ಮೂರು ವ್ಯವಸ್ಥೆಗಳು

ಈ ಭಾಗದ ಕುಟುಂಬಗಳು ಸಾಮಾನ್ಯವಾಗಿ ಕೆಳಕಂಡ ಮೂರು ವ್ಯವಸ್ಥೆಗಳಲ್ಲಿ ಒಂದರ ಅಥವಾ ಅದಕ್ಕಿಂತ ಹೆಚ್ಚಿನವುಗಳ ವ್ಯಾಪ್ತಿಗೆ ಬರುತ್ತವೆ.

(ಅ) ಇ.ಎಸ್.ಐ. ಯೋಜನೆ: ಸಂಘಟಿತ ವಲಯದ ನೌಕರರಿಗೆ. ಇಲ್ಲಿ ವಿಮಾ ಸಂಸ್ಥೆಯು ನಿಗಮವೇ ಆಗಿದ್ದು, ನೌಕರರ ವಿವರ ಸಲ್ಲಿಸುವ ಹೊಣೆಯು ಮಾಲೀಕರದ್ದಾಗಿರುತ್ತದೆ.

(ಆ) ಖಾಸಗಿ ಅಥವಾ ಸಾರ್ವಜನಿಕ ವಲಯದ ವಿಮಾ ಕಂಪನಿಗಳ ಆರೋಗ್ಯ ವಿಮೆ: ಪ್ರೀಮಿಯಂ ಪಾವತಿಸಿ ಪಡೆಯುವಂತಹದು. ಇವುಗಳನ್ನು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು (ಐ.ಆರ್.ಡಿ.ಎ.ಐ.) ನಿಯಂತ್ರಿಸುತ್ತದೆ. ವಿವರ ಸಲ್ಲಿಸುವ ಹೊಣೆ ಕಂಪನಿಯದು.

(ಇ) ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ: ಸರ್ಕಾರದ ವೆಚ್ಚದಲ್ಲಿ ನೀಡುವಂತಹದು. ಇದನ್ನು ರಾಜ್ಯದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿರ್ವಹಿಸುತ್ತದೆ. ಚಿಕಿತ್ಸೆಯ ವಿವರವನ್ನು ಆಸ್ಪತ್ರೆಯು ಟ್ರಸ್ಟಿಗೆ ಸಲ್ಲಿಸಬೇಕು.

ಈ ಮೂರರ ನಿಯಮಗಳು ಬೇರೆ ಬೇರೆ. ದೂರು ಸಲ್ಲಿಸುವ ಪ್ರಾಧಿಕಾರಗಳೂ ಬೇರೆ. ತಮ್ಮ ಪ್ರಕರಣವು ಯಾವುದಕ್ಕೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯ.

3. ಇ.ಎಸ್.ಐ. ಯೋಜನೆ: ಮಾಲೀಕರ ಕರ್ತವ್ಯಗಳು

ನೌಕರರ ರಾಜ್ಯ ವಿಮಾ ಅಧಿನಿಯಮವು 1948ರಲ್ಲಿ ಅಂಗೀಕಾರಗೊಂಡು, ಯೋಜನೆಯು 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. ಕೇಂದ್ರ ಸರ್ಕಾರವು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020ನ್ನು ಜಾರಿಗೆ ತಂದಿದ್ದು, ಇ.ಎಸ್.ಐ. ಯೋಜನೆಯು ಈಗ ಸದರಿ ಸಂಹಿತೆಯಡಿ ಮುಂದುವರಿದಿದೆ. ಹಿಂದೆ ಸರ್ಕಾರವು ಅಧಿಸೂಚಿಸಿದ ಪ್ರದೇಶಗಳಿಗೆ ಮಾತ್ರ ಯೋಜನೆಯು ಅನ್ವಯವಾಗುತ್ತಿತ್ತು. ಸಂಹಿತೆಯು ಈ ಷರತ್ತನ್ನು ಕೈಬಿಟ್ಟಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ.

ವೇತನ ಮಿತಿ ಮತ್ತು ವಂತಿಗೆ ದರಗಳು ಈ ಕೆಳಗಿನಂತಿವೆ.

– ವೇತನ ಮಿತಿ: ಮಾಸಿಕ ರೂ. 21,000 (2017ರ ಜನವರಿ 1ರಿಂದ ಜಾರಿಗೆ ಬಂದದ್ದು). ಅಂಗವಿಕಲ ನೌಕರರಿಗೆ ರೂ. 25,000.
– ಮಾಲೀಕರ ವಂತಿಗೆ: ವೇತನದ ಶೇಕಡ 3.25 (2019ರ ಜುಲೈ 1ರಿಂದ).
– ನೌಕರರ ವಂತಿಗೆ: ವೇತನದ ಶೇಕಡ 0.75 (2019ರ ಜುಲೈ 1ರಿಂದ).

ವ್ಯಾಪ್ತಿಗೆ ಬರುವ ಮಾಲೀಕರು ಈ ಕೆಳಕಂಡ ಕ್ರಮಗಳನ್ನು ಕೈಗೊಳ್ಳತಕ್ಕದ್ದು.

1) ಸಂಸ್ಥೆಯನ್ನು ನಿಗಮದಲ್ಲಿ ನೋಂದಾಯಿಸಿ, 17 ಅಂಕಿಗಳ ಸಂಕೇತ ಸಂಖ್ಯೆ ಪಡೆಯುವುದು.

2) ಹೊಸದಾಗಿ ಸೇರಿದ ಪ್ರತಿ ನೌಕರನ ಹಾಗೂ ಆತನ ಕುಟುಂಬ ಸದಸ್ಯರ ವಿವರಗಳನ್ನು ದಾಖಲಿಸಿ, 10 ಅಂಕಿಗಳ ವಿಮಾ ಸಂಖ್ಯೆಯನ್ನು ಪಡೆದು ನೌಕರನಿಗೆ ನೀಡುವುದು.

3) ಪ್ರತಿ ತಿಂಗಳು ಪ್ರತಿಯೊಬ್ಬ ನೌಕರನು ಎಷ್ಟು ದಿನಗಳ ವೇತನಕ್ಕೆ ಅರ್ಹನಾಗಿದ್ದನು ಮತ್ತು ವೇತನದ ಮೊತ್ತವೆಷ್ಟು ಎಂಬುದನ್ನು ದಾಖಲಿಸಿ, ಮುಂದಿನ ತಿಂಗಳ 15ನೇ ತಾರೀಖಿನೊಳಗೆ ವಂತಿಗೆಯನ್ನು ಪಾವತಿಸುವುದು.

4) ಕೆಲಸದ ಸ್ಥಳದಲ್ಲಿ ಅಪಘಾತ ಸಂಭವಿಸಿದಲ್ಲಿ ನಿಗದಿತ ನಮೂನೆಯಲ್ಲಿ ತಡಮಾಡದೆ ವರದಿ ಸಲ್ಲಿಸುವುದು.

5) ಹಾಜರಿ, ವೇತನ ಮತ್ತು ಅಪಘಾತ ವಹಿಗಳನ್ನು ಇಟ್ಟುಕೊಂಡು, ತಪಾಸಣೆಯ ವೇಳೆ ಹಾಜರುಪಡಿಸುವುದು.

ನೌಕರನ ಪಾಲಿನ ಶೇಕಡ 0.75ರಷ್ಟನ್ನು ಮಾತ್ರ ಆತನ ವೇತನದಿಂದ ಕಡಿತ ಮಾಡಬಹುದು. ಮಾಲೀಕರ ಪಾಲಿನ ವಂತಿಗೆಯನ್ನು ನೌಕರನಿಂದ ವಸೂಲು ಮಾಡಲು ಅವಕಾಶವಿಲ್ಲ.

4. ದಾಖಲಾದ ದಿನಗಳೇ ಸೌಲಭ್ಯಕ್ಕೆ ಆಧಾರ

ಇ.ಎಸ್.ಐ. ಯೋಜನೆಯಲ್ಲಿ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ವಿಂಗಡಿಸಲಾಗಿದೆ. ಪ್ರತಿ ವಂತಿಗೆ ಅವಧಿಗೆ ಸಂಬಂಧಿಸಿದ ಸೌಲಭ್ಯ ಅವಧಿಯು ಮೂರು ತಿಂಗಳ ನಂತರ ಆರಂಭವಾಗುತ್ತದೆ.

– ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ.
– ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಗೆ ಮುಂದಿನ ಜುಲೈನಿಂದ ಡಿಸೆಂಬರ್‌ವರೆಗೆ ಸೌಲಭ್ಯ.

ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ವಿಮಾದಾರನಿಗೆ ವೇತನದ ಶೇಕಡ 70ರ ದರದಲ್ಲಿ, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ಕಾಯಿಲೆ ಭತ್ಯೆ ದೊರೆಯುತ್ತದೆ. ಇದಕ್ಕೆ ಸಂಬಂಧಪಟ್ಟ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ದಾಖಲಾಗಿರಬೇಕು. ಹೆರಿಗೆ ಭತ್ಯೆಯು 26 ವಾರಗಳವರೆಗೆ ದೊರೆಯುತ್ತಿದ್ದು, ಅದಕ್ಕೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನಗಳ ವಂತಿಗೆ ಇರಬೇಕು.

ಈ ಸಂಖ್ಯೆಗಳ ಮಹತ್ವವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬೇಳೆ ಗಿರಣಿಯೊಂದರಲ್ಲಿ ದಿನಕ್ಕೆ ರೂ. 600 ಕೂಲಿಯ ಮೇಲೆ ತಿಂಗಳಿಗೆ 26 ದಿನ ದುಡಿಯುವ ಕಾರ್ಮಿಕನೊಬ್ಬನಿದ್ದಾನೆಂದು ಭಾವಿಸಿ. ಆತನ ಮಾಸಿಕ ವೇತನ ರೂ. 15,600. ಮಾಲೀಕರ ವಂತಿಗೆ ರೂ. 507, ಕಾರ್ಮಿಕನ ವಂತಿಗೆ ರೂ. 117, ಒಟ್ಟು ರೂ. 624. ಆರು ತಿಂಗಳಲ್ಲಿ ಆತನ ಹೆಸರಿನಲ್ಲಿ 156 ದಿನಗಳು ದಾಖಲಾಗಬೇಕು.

ಆದರೆ ತಿಂಗಳಿಗೆ 26ರ ಬದಲು 12 ದಿನಗಳನ್ನು ಮಾತ್ರ ನಮೂದಿಸಿದರೆ, ಆರು ತಿಂಗಳಲ್ಲಿ ದಾಖಲಾಗುವುದು 72 ದಿನಗಳು. 78ಕ್ಕೆ 6 ದಿನ ಕಡಿಮೆ. ಹೀಗೆ ಮುಚ್ಚಿಟ್ಟ 14 ದಿನಗಳಿಂದ ಎರಡೂ ಪಾಲು ಸೇರಿ ಪಾವತಿಯಾಗದೆ ಉಳಿಯುವ ವಂತಿಗೆಯು ತಿಂಗಳಿಗೆ ರೂ. 336, ಆರು ತಿಂಗಳಿಗೆ ರೂ. 2,016. ಮುಂದಿನ ಸೌಲಭ್ಯ ಅವಧಿಯಲ್ಲಿ ಅದೇ ಕಾರ್ಮಿಕನು 30 ದಿನ ಹಾಸಿಗೆ ಹಿಡಿದರೆ, ಭತ್ಯೆ ಇಲ್ಲದ ಮೊದಲ 2 ದಿನಗಳನ್ನು ಬಿಟ್ಟು ಉಳಿದ 28 ದಿನಗಳಿಗೆ ದಿನಕ್ಕೆ ರೂ. 420ರಂತೆ ರೂ. 11,760 ಆತನಿಗೆ ಸಲ್ಲಬೇಕಾಗಿತ್ತು. ದಾಖಲೆಯಲ್ಲಿ 78 ದಿನಗಳಿಲ್ಲದ ಕಾರಣ ಆತನ ಅರ್ಜಿಯು ತಿರಸ್ಕೃತವಾಗುವ ಸಂಭವವಿರುತ್ತದೆ. ಅಂದರೆ ಮಾಲೀಕರಿಗೆ ಸಣ್ಣ ಉಳಿತಾಯವೆಂದು ಕಾಣುವುದು ಕಾರ್ಮಿಕನ ಮನೆಗೆ ಒಂದು ತಿಂಗಳ ಆಸರೆಯನ್ನೇ ಇಲ್ಲವಾಗಿಸುತ್ತದೆ.

ಆದುದರಿಂದ ವಂತಿಗೆ ಕಡಿತವಾಗಿದೆಯೇ ಎಂಬುದನ್ನಷ್ಟೇ ನೋಡಿದರೆ ಸಾಲದು. ಎಷ್ಟು ದಿನಗಳು ನಮೂದಾಗಿವೆ ಎಂಬುದನ್ನೂ ಪ್ರತಿ ತಿಂಗಳು ಪರಿಶೀಲಿಸಿಕೊಳ್ಳುವುದು ಅವಶ್ಯ. ವಿಮಾದಾರರು ತಮ್ಮ ವಿಮಾ ಸಂಖ್ಯೆಯ ಮೂಲಕ ನಿಗಮದ ಜಾಲತಾಣದಲ್ಲಿ ಈ ವಿವರಗಳನ್ನು ನೋಡಬಹುದು. ಅಂತರಜಾಲ ಸೌಲಭ್ಯವಿಲ್ಲದವರು ಶಾಖಾ ಕಚೇರಿಯಲ್ಲಿ ವಿಚಾರಿಸಬಹುದು.

5. ಗುತ್ತಿಗೆ ಕಾರ್ಮಿಕರು

ಸಿಮೆಂಟ್ ಕಾರ್ಖಾನೆ, ಗೋದಾಮು, ಸ್ವಚ್ಛತೆ ಮತ್ತು ಭದ್ರತಾ ಕೆಲಸಗಳಲ್ಲಿ ಗುತ್ತಿಗೆದಾರರ ಮೂಲಕ ನೇಮಕವಾದವರ ಸಂಖ್ಯೆ ಹೆಚ್ಚು. ಗುತ್ತಿಗೆದಾರರು ಬದಲಾದಾಗ ಕಾರ್ಮಿಕರ ವಿವರಗಳು ಕಳೆದುಹೋಗುವುದು, ಒಬ್ಬನಿಗೇ ಎರಡು ವಿಮಾ ಸಂಖ್ಯೆಗಳಾಗುವುದು ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು.

ಈ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಗುತ್ತಿಗೆದಾರರ ಮೂಲಕ ದುಡಿಯುವ ಕಾರ್ಮಿಕರ ವಂತಿಗೆಯನ್ನೂ ಮೊದಲಿಗೆ ಪಾವತಿಸುವ ಹೊಣೆಯು ಪ್ರಧಾನ ಮಾಲೀಕರ ಮೇಲಿರುತ್ತದೆ. ಆ ಮೊತ್ತವನ್ನು ಅವರು ಗುತ್ತಿಗೆದಾರರಿಂದ ಮರಳಿ ಪಡೆಯಬಹುದು. "ಗುತ್ತಿಗೆದಾರರನ್ನು ಕೇಳಿ" ಎಂದು ಹೇಳಿ ಪ್ರಧಾನ ಮಾಲೀಕರು ಹೊಣೆಯಿಂದ ಮುಕ್ತರಾಗಲು ಸಾಧ್ಯವಿಲ್ಲ.

ಗುತ್ತಿಗೆದಾರರು ಬದಲಾದರೂ ಕಾರ್ಮಿಕನ ವಿಮಾ ಸಂಖ್ಯೆ ಬದಲಾಗಬಾರದು. ಹೊಸ ಗುತ್ತಿಗೆದಾರರ ಬಳಿ ಸೇರುವಾಗ ಹಳೆಯ ವಿಮಾ ಸಂಖ್ಯೆಯನ್ನೇ ನೀಡಬೇಕು. ಹೊಸ ಸಂಖ್ಯೆ ಪಡೆದಲ್ಲಿ ಹಿಂದಿನ ವಂತಿಗೆಯ ದಿನಗಳು ಬೇರೆ ಖಾತೆಯಲ್ಲಿ ಉಳಿದು, ಅರ್ಹತೆಯ ಲೆಕ್ಕಕ್ಕೆ ಬಾರದೆ ಹೋಗಬಹುದು.

6. ಮಾಲೀಕರು ಲೋಪವೆಸಗಿದಲ್ಲಿ

ವಿಳಂಬವಾಗಿ ಪಾವತಿಸಿದ ವಂತಿಗೆಗೆ ಮಾಲೀಕರು ಬಡ್ಡಿ ತೆರಬೇಕಾಗುತ್ತದೆ. ಅದರ ಮೇಲೆ ನಷ್ಟಭರ್ತಿಯನ್ನೂ ವಿಧಿಸುವ ಅಧಿಕಾರ ನಿಗಮಕ್ಕಿದೆ. ನೌಕರನ ವೇತನದಿಂದ ಕಡಿತ ಮಾಡಿಕೊಂಡ ವಂತಿಗೆಯನ್ನು ನಿಗಮಕ್ಕೆ ಕಟ್ಟದಿರುವುದು ಗಂಭೀರ ಅಪರಾಧವಾಗಿದ್ದು, ಕಾರಾವಾಸ ಹಾಗೂ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ.

ಇದಕ್ಕಿಂತಲೂ ಮುಖ್ಯವಾದ ಅಂಶವೊಂದನ್ನು ಕಾರ್ಮಿಕರು ಗಮನಿಸಬೇಕು. ಮಾಲೀಕರು ವಂತಿಗೆ ಕಟ್ಟದ ಅಥವಾ ನೋಂದಣಿ ಮಾಡದ ಕಾರಣದಿಂದ ಕಾರ್ಮಿಕನು ಸೌಲಭ್ಯದಿಂದ ವಂಚಿತನಾದಲ್ಲಿ, ನಿಗಮವು ಆತನಿಗೆ ಅರ್ಹವಾದ ಸೌಲಭ್ಯವನ್ನು ನೀಡಿ, ಅದರ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಬಹುದಾಗಿದೆ. ಆದರೆ ಇದಕ್ಕೆ ಕಾರ್ಮಿಕನು ತಾನು ಅಲ್ಲಿ ದುಡಿದುದಕ್ಕೆ ಆಧಾರ ಒದಗಿಸಬೇಕು. ಹಾಜರಿ ಚೀಟಿ, ವೇತನ ಚೀಟಿ, ಗೇಟ್ ಪಾಸ್, ಗುರುತಿನ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದಲ್ಲಿ ವೇತನ ಜಮೆಯಾದ ನಮೂದು ಇವೆಲ್ಲವೂ ಆಧಾರಗಳಾಗುತ್ತವೆ.

ಕೆಲಸದ ಸ್ಥಳದ ಅಪಘಾತದಿಂದ ಉಂಟಾದ ಅಂಗವೈಕಲ್ಯಕ್ಕೆ 78 ದಿನಗಳ ಷರತ್ತು ಅನ್ವಯಿಸುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ವೇತನದ ಶೇಕಡ 90ರ ದರದಲ್ಲಿ ಭತ್ಯೆ ಪಡೆಯಲು ಅರ್ಹತೆಯಿರುತ್ತದೆ. ಮಾಲೀಕರು ವರದಿ ಸಲ್ಲಿಸಲು ತಡಮಾಡಿದಲ್ಲಿ ಗಾಯಗೊಂಡವರು ಅಥವಾ ಅವರ ಪರವಾಗಿ ಯಾರಾದರೂ ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸುವುದು ಒಳಿತು.

7. ವಿಮಾ ಕಂಪನಿಗಳು ಸಲ್ಲಿಸಬೇಕಾದ ವಿವರಗಳು

ವಿಮಾ ವ್ಯವಹಾರವನ್ನು ನಿಯಂತ್ರಿಸಲು 1999ರ ಅಧಿನಿಯಮದಡಿ ರಚಿತವಾದ ಪ್ರಾಧಿಕಾರವು ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿದೆ. ಆರೋಗ್ಯ ವಿಮೆ ಮಾರಾಟ ಮಾಡುವ ಪ್ರತಿ ಕಂಪನಿಯೂ ಪ್ರಾಧಿಕಾರಕ್ಕೆ ತನ್ನ ಲೆಕ್ಕಪತ್ರ ಮತ್ತು ವ್ಯವಹಾರದ ವಿವರಗಳನ್ನು ನಿಯಮಿತವಾಗಿ ಸಲ್ಲಿಸತಕ್ಕದ್ದು. ಮುಖ್ಯವಾದವುಗಳು ಹೀಗಿವೆ.

(ಅ) ಸಾರ್ವಜನಿಕ ಪ್ರಕಟಣೆ: ಎಷ್ಟು ಕ್ಲೇಮುಗಳು ಬಂದವು, ಎಷ್ಟು ಇತ್ಯರ್ಥವಾದವು, ಎಷ್ಟು ತಿರಸ್ಕೃತವಾದವು, ಎಷ್ಟು ದೂರುಗಳು ಬಾಕಿ ಇವೆ ಎಂಬ ವಿವರಗಳನ್ನು ಕಂಪನಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಪಾಲಿಸಿ ಖರೀದಿಸುವ ಮೊದಲು ನಾಗರಿಕರು ಇವನ್ನು ಪರಿಶೀಲಿಸಬಹುದು. ಏಜೆಂಟರ ಮಾತಿಗಿಂತ ಈ ಅಂಕಿಅಂಶಗಳು ಹೆಚ್ಚು ಭರವಸೆ ನೀಡುತ್ತವೆ.

(ಆ) ಪಾಲಿಸಿ ಮತ್ತು ಕ್ಲೇಮುಗಳ ದತ್ತಾಂಶ: 2009ರಲ್ಲಿ ಸ್ಥಾಪಿತವಾದ ಭಾರತೀಯ ವಿಮಾ ಮಾಹಿತಿ ಬ್ಯೂರೋಗೆ ಕಂಪನಿಗಳು ಪಾಲಿಸಿ ಹಾಗೂ ಕ್ಲೇಮುಗಳ ವಿವರಗಳನ್ನು ಸಲ್ಲಿಸುತ್ತವೆ.

(ಇ) ಗ್ರಾಮೀಣ ಮತ್ತು ಸಾಮಾಜಿಕ ವಲಯದ ಹೊಣೆ: ಕಂಪನಿಗಳು ನಗರಗಳಲ್ಲಿ ಮಾತ್ರ ವ್ಯವಹರಿಸದೆ ಗ್ರಾಮೀಣ ಹಾಗೂ ಬಡ ಕುಟುಂಬಗಳಿಗೂ ವಿಮೆ ಒದಗಿಸಬೇಕೆಂಬ ನಿಯಮವಿದೆ. 2024ರ ನಿಯಮಾವಳಿಯಲ್ಲಿ ಗ್ರಾಮ ಪಂಚಾಯಿತಿಯನ್ನು ಇದರ ಅಳತೆಯ ಘಟಕವಾಗಿ ಮಾಡಲಾಗಿದೆ. ಕಮಲಾಪುರದಂತಹ ಗ್ರಾಮೀಣ ತಾಲ್ಲೂಕುಗಳ ಪಂಚಾಯಿತಿಗಳಿಗೆ ಈ ಬದಲಾವಣೆಯು ಮಹತ್ವದ್ದಾಗಿದೆ.

ಇ.ಎಸ್.ಐ. ನಿಗಮವು ಈ ಪ್ರಾಧಿಕಾರದ ನಿಯಂತ್ರಣಕ್ಕೆ ಒಳಪಡುವುದಿಲ್ಲ. ನಿಗಮದ ಲೆಕ್ಕಪತ್ರಗಳನ್ನು ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಪರಿಶೋಧಿಸುತ್ತಾರೆ. ವಾರ್ಷಿಕ ವರದಿಯನ್ನು ಸಂಸತ್ತಿನ ಮುಂದೆ ಮಂಡಿಸಲಾಗುತ್ತದೆ.

8. ಕಂಪನಿಗಳು ಪಾಲಿಸಬೇಕಾದ ಕಾಲಮಿತಿಗಳು

ಪ್ರಾಧಿಕಾರವು 2024ರ ಮೇ 29ರಂದು ಹೊರಡಿಸಿದ ಆರೋಗ್ಯ ವಿಮೆಯ ಸಮಗ್ರ ಸುತ್ತೋಲೆಯಲ್ಲಿ ಈ ಕೆಳಕಂಡ ಕಾಲಮಿತಿಗಳನ್ನು ನಿಗದಿಪಡಿಸಿದೆ.

– ನಗದುರಹಿತ ಚಿಕಿತ್ಸೆಯ ಕೋರಿಕೆ ಬಂದಲ್ಲಿ 1 ಗಂಟೆಯೊಳಗೆ ನಿರ್ಧಾರ ತಿಳಿಸುವುದು.
– ಆಸ್ಪತ್ರೆಯಿಂದ ಬಿಡುಗಡೆಯ ಕೋರಿಕೆ ಬಂದ 3 ಗಂಟೆಯೊಳಗೆ ಅಂತಿಮ ಅನುಮತಿ ನೀಡುವುದು. ತಡವಾದಲ್ಲಿ ಆಸ್ಪತ್ರೆಯು ವಿಧಿಸುವ ಹೆಚ್ಚುವರಿ ವೆಚ್ಚವನ್ನು ಕಂಪನಿಯೇ ಭರಿಸುವುದು.
– ಕ್ಲೇಮಿಗೆ ಬೇಕಾದ ದಾಖಲೆಗಳನ್ನು ಆಸ್ಪತ್ರೆಯಿಂದ ಅಥವಾ ತನ್ನ ಪರವಾಗಿ ಕ್ಲೇಮು ನಿರ್ವಹಿಸುವ ಸಂಸ್ಥೆಯಿಂದ ಕಂಪನಿಯೇ ಪಡೆದುಕೊಳ್ಳುವುದು.
– ಕ್ಲೇಮು ಪರಿಶೀಲನಾ ಸಮಿತಿಯ ಅನುಮೋದನೆಯಿಲ್ಲದೆ ಯಾವುದೇ ಕ್ಲೇಮನ್ನು ತಿರಸ್ಕರಿಸದಿರುವುದು. ತಿರಸ್ಕರಿಸಿದಲ್ಲಿ ಪಾಲಿಸಿಯ ಯಾವ ಷರತ್ತಿನಡಿ ಎಂಬುದನ್ನು ಲಿಖಿತವಾಗಿ ತಿಳಿಸುವುದು.
– ವಿಮಾದಾರನು ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಲು ಬಯಸಿದಲ್ಲಿ, ಹಾಲಿ ಕಂಪನಿಯು 72 ಗಂಟೆಯೊಳಗೆ ವಿವರಗಳನ್ನು ಒದಗಿಸುವುದು ಮತ್ತು ಹೊಸ ಕಂಪನಿಯು 5 ದಿನಗಳೊಳಗೆ ನಿರ್ಧರಿಸುವುದು.

ಪಾಲಿಸಿಯು ಸತತವಾಗಿ 60 ತಿಂಗಳು ಚಾಲ್ತಿಯಲ್ಲಿದ್ದ ನಂತರ, ಹಿಂದೆ ಆರೋಗ್ಯದ ವಿವರ ಮುಚ್ಚಿಟ್ಟಿದ್ದರೆಂಬ ಕಾರಣ ನೀಡಿ ಕಂಪನಿಯು ಕ್ಲೇಮನ್ನು ನಿರಾಕರಿಸುವಂತಿಲ್ಲ. ಸಾಬೀತಾದ ವಂಚನೆಯ ಪ್ರಕರಣಗಳು ಇದಕ್ಕೆ ಹೊರತು. ಆದರೂ ಅರ್ಜಿ ನಮೂನೆಯಲ್ಲಿ ಮಧುಮೇಹ, ರಕ್ತದೊತ್ತಡ ಮುಂತಾದ ಕಾಯಿಲೆಗಳನ್ನು ಮೊದಲೇ ಸತ್ಯವಾಗಿ ನಮೂದಿಸುವುದು ವಿಮಾದಾರನ ಕರ್ತವ್ಯ. ಏಜೆಂಟರು ತುಂಬಿದ ನಮೂನೆಯನ್ನು ಓದದೆ ಸಹಿ ಮಾಡಬಾರದು.

9. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ತಜ್ಞ ಚಿಕಿತ್ಸೆ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಆರಂಭವಾದದ್ದು ಅಂದಿನ ಗುಲಬರ್ಗಾ ವಿಭಾಗದಲ್ಲಿಯೇ. ನಂತರ ಅದು ರಾಜ್ಯದ ಇತರ ಭಾಗಗಳಿಗೆ ವಿಸ್ತರಣೆಗೊಂಡಿತು. 2018ರಲ್ಲಿ ಹಲವು ಯೋಜನೆಗಳನ್ನು ಒಗ್ಗೂಡಿಸಿ ಆರೋಗ್ಯ ಕರ್ನಾಟಕವನ್ನು ರೂಪಿಸಲಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯನ್ನು ಅದರೊಂದಿಗೆ ಸೇರಿಸಲಾಯಿತು. ಅರ್ಹ ಪಡಿತರ ಚೀಟಿ ಹೊಂದಿರುವ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸೆ ನೀಡುವುದು ಈ ಯೋಜನೆಯ ಉದ್ದೇಶ.

ಇಲ್ಲಿ ವಿಮಾ ಕಂಪನಿ ಇರುವುದಿಲ್ಲ. ಆಸ್ಪತ್ರೆಯು ರೋಗಿಯ ವಿವರ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಟ್ರಸ್ಟಿಗೆ ಸಲ್ಲಿಸಿ, ಪರಿಶೀಲನೆಯ ನಂತರ ಹಣ ಪಡೆಯುತ್ತದೆ. ಸಾಮಾನ್ಯವಾಗಿ ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳಬಹುದು. ತುರ್ತು ಚಿಕಿತ್ಸೆಗಳಿಗೆ ಈ ಪತ್ರದ ಅಗತ್ಯವಿರುವುದಿಲ್ಲ. ಅರ್ಹ ಫಲಾನುಭವಿಯಿಂದ ಯೋಜನೆಯಡಿ ಬರುವ ಚಿಕಿತ್ಸೆಗೆ ಹಣ ಕೇಳಿದಲ್ಲಿ ರಸೀದಿ ಪಡೆದು ದೂರು ಸಲ್ಲಿಸಬಹುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವೇತನ ಚೀಟಿಯಲ್ಲಿ ಇ.ಎಸ್.ಐ. ಕಡಿತ ಕಾಣುತ್ತಿದೆ. ಆದರೆ ಆಸ್ಪತ್ರೆಯಲ್ಲಿ ವಂತಿಗೆ ಇಲ್ಲವೆನ್ನುತ್ತಾರೆ. ಏನು ಮಾಡಬೇಕು?
ಉತ್ತರ: ವೇತನ ಚೀಟಿಯ ನಕಲು ಹಾಗೂ ವಿಮಾ ಸಂಖ್ಯೆಯೊಂದಿಗೆ ಶಾಖಾ ಕಚೇರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಕಡಿತ ಮಾಡಿ ಕಟ್ಟದಿರುವುದು ಅಪರಾಧವಾದ್ದರಿಂದ ವೇತನ ಚೀಟಿಯೇ ಪ್ರಮುಖ ಸಾಕ್ಷ್ಯವಾಗುತ್ತದೆ.

ಪ್ರಶ್ನೆ: ವೇತನವು ವರ್ಷದ ನಡುವೆ ರೂ. 21,000 ದಾಟಿದರೆ ತಕ್ಷಣ ಸೌಲಭ್ಯ ನಿಲ್ಲುವುದೇ?
ಉತ್ತರ: ಇಲ್ಲ. ಆ ವಂತಿಗೆ ಅವಧಿಯು ಮುಗಿಯುವವರೆಗೆ ವಂತಿಗೆ ಕಟ್ಟಬೇಕು. ಅದಕ್ಕೆ ಸಂಬಂಧಿಸಿದ ಸೌಲಭ್ಯವೂ ಮುಂದುವರಿಯುತ್ತದೆ.

ಪ್ರಶ್ನೆ: ಹೊಸದಾಗಿ ಸೇರಿದ ನೌಕರನ ಕುಟುಂಬಕ್ಕೆ ಚಿಕಿತ್ಸೆ ಯಾವಾಗಿನಿಂದ ದೊರೆಯುತ್ತದೆ?
ಉತ್ತರ: ವಿಮೆಗೊಳಪಡುವ ಉದ್ಯೋಗಕ್ಕೆ ಸೇರಿದ ದಿನದಿಂದಲೇ ನೌಕರನಿಗೂ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯಕ್ಕೆ ಅರ್ಹತೆಯಿರುತ್ತದೆ. ಆದರೆ ಕುಟುಂಬ ಸದಸ್ಯರ ಹೆಸರುಗಳು ದಾಖಲಾಗಿರಬೇಕು. ಮದುವೆ ಅಥವಾ ಮಗುವಿನ ಜನನದ ನಂತರ ಹೆಸರು ಸೇರಿಸುವುದನ್ನು ಮರೆಯಬಾರದು.

ಪ್ರಶ್ನೆ: ಕಮಲಾಪುರದಲ್ಲಿ ಹೊಲದ ಕೂಲಿ ಮಾಡುವವರಿಗೆ ಇ.ಎಸ್.ಐ. ಅನ್ವಯಿಸುವುದೇ?
ಉತ್ತರ: ಸ್ವಂತ ಹೊಲದಲ್ಲಿ ಅಥವಾ ಬೇರೆ ರೈತರ ಹೊಲದಲ್ಲಿ ದುಡಿಯುವವರು ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಂಥವರು ಅರ್ಹ ಪಡಿತರ ಚೀಟಿ ಹೊಂದಿದ್ದಲ್ಲಿ ಆರೋಗ್ಯ ಕರ್ನಾಟಕದ ಸೌಲಭ್ಯ ಪಡೆಯಬಹುದು.

ಪ್ರಶ್ನೆ: ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಜಿ.ಎಸ್.ಟಿ. ಕಟ್ಟಬೇಕೇ?
ಉತ್ತರ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯ ವಿಮೆಯ ಪ್ರೀಮಿಯಂಗೆ ಜಿ.ಎಸ್.ಟಿ. ವಿನಾಯಿತಿ ನೀಡಲಾಗಿದೆ. ಅದಕ್ಕೂ ಮೊದಲು ಶೇಕಡ 18ರಷ್ಟು ತೆರಿಗೆಯಿತ್ತು. ರಸೀದಿಯಲ್ಲಿ ಈ ಅಂಶವನ್ನು ಪರಿಶೀಲಿಸಿಕೊಳ್ಳಬೇಕು.

11. ಮನೆಯಲ್ಲಿ ಇಟ್ಟುಕೊಳ್ಳಬೇಕಾದ ದಾಖಲೆಗಳು

ಕಾಯಿಲೆ ಬಿದ್ದಾಗ ದಾಖಲೆ ಹುಡುಕಲು ಸಮಯವಿರುವುದಿಲ್ಲ. ಆದುದರಿಂದ ಕೆಳಕಂಡವುಗಳನ್ನು ಒಂದೇ ಕಡತದಲ್ಲಿ ಇಟ್ಟು, ಅದು ಎಲ್ಲಿದೆಯೆಂಬುದನ್ನು ಮನೆಯ ಇತರ ಸದಸ್ಯರಿಗೂ ತಿಳಿಸಿರಬೇಕು.

1) ಇ.ಎಸ್.ಐ. ವಿಮಾ ಸಂಖ್ಯೆಯ ಗುರುತಿನ ಚೀಟಿ.
2) ಕಳೆದ ಎರಡು ವರ್ಷಗಳ ವೇತನ ಚೀಟಿಗಳು. ವೇತನ ಚೀಟಿ ನೀಡದಿದ್ದಲ್ಲಿ ದುಡಿದ ದಿನಗಳನ್ನು ಬರೆದಿಟ್ಟ ಪುಸ್ತಕ.
3) ಹಾಲಿ ಮಾಲೀಕರ ಮತ್ತು ಗುತ್ತಿಗೆದಾರರ ಹೆಸರು, ವಿಳಾಸ.
4) ಆರೋಗ್ಯ ವಿಮೆಯ ಪಾಲಿಸಿ, ಅದರೊಂದಿಗೆ ಕಂಪನಿ ನೀಡುವ ಗ್ರಾಹಕ ಮಾಹಿತಿ ಪತ್ರ ಮತ್ತು ಪ್ರತಿ ವರ್ಷದ ನವೀಕರಣ ರಸೀದಿ.
5) ಪಡಿತರ ಚೀಟಿ, ಆಧಾರ್ ಮತ್ತು ಆಯುಷ್ಮಾನ್ ಕಾರ್ಡಿನ ನಕಲುಗಳು.
6) ಹಿಂದಿನ ಚಿಕಿತ್ಸೆಯ ಬಿಡುಗಡೆ ಸಾರಾಂಶ ಹಾಗೂ ಶಿಫಾರಸು ಪತ್ರಗಳು.

12. ದೂರು ಸಲ್ಲಿಸುವ ವಿಧಾನ

ಇ.ಎಸ್.ಐ. ಸಂಬಂಧಿತ ದೂರುಗಳು: ಮೊದಲು ಶಾಖಾ ಕಚೇರಿಗೆ ಲಿಖಿತವಾಗಿ ಸಲ್ಲಿಸಬೇಕು. ನಿಗಮದ ಶುಲ್ಕರಹಿತ ದೂರವಾಣಿ ಸಂಖ್ಯೆ 1800-11-2526. ಪರಿಹಾರ ದೊರೆಯದಿದ್ದಲ್ಲಿ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಜಾಲತಾಣದಲ್ಲಿ ದಾಖಲಿಸಬಹುದು. ವಂತಿಗೆ ಅಥವಾ ಸೌಲಭ್ಯದ ಕುರಿತ ವಿವಾದಗಳನ್ನು ನೌಕರರ ವಿಮಾ ನ್ಯಾಯಾಲಯದ ಮುಂದೆ ತರಬಹುದು.

ವಿಮಾ ಕಂಪನಿಗಳ ವಿರುದ್ಧದ ದೂರುಗಳು: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಸಲ್ಲಿಸಬೇಕು. ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣದಲ್ಲಿ ಅಥವಾ 155255 ಇಲ್ಲವೇ 1800-4254-732 ದೂರವಾಣಿಯ ಮೂಲಕವೂ ದಾಖಲಿಸಬಹುದು. ಕಂಪನಿಯು ಒಂದು ತಿಂಗಳೊಳಗೆ ಉತ್ತರಿಸದಿದ್ದಲ್ಲಿ ಅಥವಾ ಉತ್ತರವು ಸಮರ್ಪಕವಾಗಿಲ್ಲದಿದ್ದಲ್ಲಿ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ದೂರು ನೀಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಓಂಬುಡ್ಸ್‌ಮನ್ ಆದೇಶವನ್ನು ಕಂಪನಿಯು 30 ದಿನಗಳೊಳಗೆ ಪಾಲಿಸಬೇಕು. ತಪ್ಪಿದಲ್ಲಿ ದಿನಕ್ಕೆ ರೂ. 5,000ದಂತೆ ದೂರುದಾರನಿಗೆ ಪಾವತಿಸಬೇಕೆಂದು 2024ರ ಸುತ್ತೋಲೆಯು ತಿಳಿಸುತ್ತದೆ.

ಆರೋಗ್ಯ ಕರ್ನಾಟಕ ಕುರಿತ ದೂರುಗಳು: ಆರೋಗ್ಯ ಸಹಾಯವಾಣಿ 104 ಅಥವಾ ಆಯುಷ್ಮಾನ್ ಭಾರತ್ ಸಹಾಯವಾಣಿ 14555ಕ್ಕೆ ಕರೆ ಮಾಡಬಹುದು.

ಮಾಹಿತಿ ಹಕ್ಕು: ಸಾರ್ವಜನಿಕ ಪ್ರಾಧಿಕಾರವಾದ ಇ.ಎಸ್.ಐ. ನಿಗಮದಿಂದ ತಮ್ಮ ಖಾತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕು. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದಲ್ಲಿ 48 ಗಂಟೆಗಳೊಳಗೆ ನೀಡಬೇಕು.

ಯಾವುದೇ ದೂರಿನಲ್ಲಿ ದೂರುದಾರರ ಹೆಸರು, ವಿಮಾ ಅಥವಾ ಪಾಲಿಸಿ ಸಂಖ್ಯೆ, ಘಟನೆಯ ದಿನಾಂಕ, ಕೋರಿರುವ ಪರಿಹಾರ ಇವು ಸ್ಪಷ್ಟವಾಗಿರಬೇಕು. ಮೂಲ ದಾಖಲೆಗಳನ್ನು ನೀಡದೆ ನಕಲುಗಳನ್ನು ಮಾತ್ರ ಲಗತ್ತಿಸಬೇಕು. ಸ್ವೀಕೃತಿ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

13. ವಿನಂತಿ

ಕಾಯಿಲೆ ಬಂದ ಮೇಲೆ ದಾಖಲೆ ಸರಿಪಡಿಸಲು ಓಡಾಡುವುದಕ್ಕಿಂತ, ಆರೋಗ್ಯವಾಗಿರುವಾಗಲೇ ತಿಂಗಳಿಗೊಮ್ಮೆ ಪರಿಶೀಲಿಸಿಕೊಳ್ಳುವುದು ಸುಲಭ. ಮಾಲೀಕರು ಪ್ರತಿ ತಿಂಗಳ 15ನೇ ತಾರೀಖಿನೊಳಗೆ ನೈಜ ದಿನಗಳ ವಿವರ ಮತ್ತು ವಂತಿಗೆಯನ್ನು ಸಲ್ಲಿಸಬೇಕೆಂದು ಹಾಗೂ ಕಾರ್ಮಿಕರು ತಮ್ಮ ಹೆಸರಿನಲ್ಲಿ ದಾಖಲಾದ ದಿನಗಳನ್ನು ವಂತಿಗೆ ಅವಧಿ ಮುಗಿಯುವ ಮೊದಲೇ, ಅಂದರೆ ಸೆಪ್ಟೆಂಬರ್ ಮತ್ತು ಮಾರ್ಚ್ ತಿಂಗಳುಗಳ ಅಂತ್ಯಕ್ಕೂ ಮುನ್ನ, ತಾಳೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ. ವ್ಯತ್ಯಾಸ ಕಂಡುಬಂದಲ್ಲಿ ತಡಮಾಡದೆ ಸಂಬಂಧಪಟ್ಟ ಕಚೇರಿಯ ಗಮನಕ್ಕೆ ತರುವುದು.